ವ್ಯಾನ್ ನಿಲ್ಲಿಸುತ್ತಿದ್ದ ಅವ್ವ

ಚನ್ನಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ರೈಲ್ವೆ ಗೇಟಿನ ಎಚ್ಚರಿಕೆ ಬೋರ್ಡನ್ನು ಮುಚ್ಚಿ ಯಾರೋ ಸೈಟು ಮಾರುವ ಫ್ಲೆಕ್ಸ್ ಕಟ್ಟಿದ್ದಾರೆ. ಇದು ತಪ್ಪು. ಇವತ್ತು ಅದನ್ನು ನೋಡಿ ಅವ್ವ ನೆನಪಾದಳು.

ನಾನು ಚಿಕ್ಕವಳಿದ್ದಾಗ ಅಲ್ಲಿ ಗೇಟು ಇರಲಿಲ್ಲ, ಬೋರ್ಡು ಮಾತ್ರ ಇತ್ತು. ಅವ್ವ ಕೆಲಸಕ್ಕೆ ಹೋಗುತ್ತಿದ್ದ ಗಾರ್ಮೆಂಟ್ಸ್ ವ್ಯಾನಿನಲ್ಲಿ ಹೆಂಗಸರು ಒತ್ತಿಕೊಂಡು ಕೂರುತ್ತಿದ್ದರು. ಶಾಲೆಯ ತನಕ ನಾನೂ ಅವ್ವನ ತೊಡೆಯ ಮೇಲೆ. ಬೋರ್ಡು ಕಂಡೊಡನೆ ಅವ್ವ ವ್ಯಾನ್ ನಿಲ್ಲಿಸಿ ಇಳಿದು, ಹಳಿಯ ಎರಡೂ ಕಡೆ ನೋಡಿ, ದಾಟಿ ಬರಲು ಕೈಬೀಸುತ್ತಿದ್ದಳು.

“ಹೊತ್ತಾಯ್ತದೆ ಕಣಕ್ಕ, ಸೂಪರ್‌ವೈಸರ್ ಉಗೀತಾನೆ” ಎನ್ನುತ್ತಿದ್ದ ಡ್ರೈವರ್.

“ನಾನು ಉಗುಸ್ಕತೀನಿ. ನೀನು ನಿಲ್ಸಪ್ಪ.”

“ಅಕ್ಕಂಗೊಂದು ಹಸಿರು ಬಾವುಟ ಹೊಲ್ಕೊಡ್ರೇ!” ಎಂದು ಹೆಂಗಸರು ನಗುತ್ತಿದ್ದರು.

ಅವರೆಲ್ಲರೂ ದಿನಾ ಕ್ಷೇಮವಾಗಿ ಮನೆ ಸೇರಿದರು. ಅಂಥವಳ ಮಗಳು ನಾನು. ಆ ಫ್ಲೆಕ್ಸ್ ಬಿಚ್ಚೋಣ, ಬನ್ನಿ. ಈ ಭಾನುವಾರ, ಬೆಳಿಗ್ಗೆ ಏಳು ಗಂಟೆಗೆ, ಗೇಟಿನ ಹತ್ತಿರ.