‘ಎಲ್ಲಾ ತಗದ ಬಿಡ್ರಿ’ ಅಂದ ಗಿರಾಕಿ

ಮೊದಲು ಖರ್ಚು ಹೇಳಿಬಿಡುತ್ತೇನೆ. 512 ಜಿಬಿಯ ಎಸ್‌ಎಸ್‌ಡಿಗೆ ಎರಡು ಸಾವಿರದ ಏಳುನೂರು ರೂಪಾಯಿ, ಲ್ಯಾಪ್‌ಟಾಪ್ ಬಿಚ್ಚಿ ಅದನ್ನು ಕೂರಿಸಿ ವಿಂಡೋಸ್ ಹಾಕಿದ್ದಕ್ಕೆ ನಾನೂರು. ಹಳೆಯ ಹಾರ್ಡ್ ಡಿಸ್ಕನ್ನು ನಾನೇ ಐನೂರಕ್ಕೆ ಹಿಡಿದುಕೊಂಡೆ. ಗಿರಾಕಿಯ ಕೈಯಿಂದ ಹೋದದ್ದು ಎರಡು ಸಾವಿರದ ಆರುನೂರು. ಹೊಸ ಲ್ಯಾಪ್‌ಟಾಪ್ ಅಂದಿದ್ದರೆ ನಲವತ್ತು ಸಾವಿರಕ್ಕೆ ಕಡಿಮೆ ಬರುತ್ತಿರಲಿಲ್ಲ. ಇಬ್ಬರಿಗೂ ಲಾಭ ಅಂದುಕೊಂಡೆ. ನನ್ನ ವೃತ್ತಿಯಲ್ಲಿ ಅಷ್ಟು ದುಬಾರಿಯಾಗಿ ಬಿದ್ದ ಐನೂರು ರೂಪಾಯಿ ಇನ್ನೊಂದಿಲ್ಲ.

ಇದು 2023ರ ಮಾತು. ಕೊಪ್ಪಳದ ಬಸ್‌ನಿಲ್ದಾಣದ ಹತ್ತಿರ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಆಗ ಹದಿನಾಲ್ಕು ವರ್ಷ. ಇರಕಲ್ಲಗಡದಿಂದ ಬಂದವನು ನಾನು. ಕೋರ್ಸು ಮಾಡಿದವನಲ್ಲ, ಕೆಟ್ಟ ಮಷಿನ್‌ಗಳನ್ನು ತೂಕದ ಮೇಲೆ ಕೊಂಡು ಬಿಚ್ಚಿ ಕಲಿತವನು. ಚೌಕಾಸಿಯನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ರೆಹಾನಾ ಆಪಾ ಕೊಪ್ಪಳದಲ್ಲೇ ಕಂಪ್ಯೂಟರ್ ಎಂಬ್ರಾಯಿಡರಿ ಮಾಡುವವರು. ಮದುವೆ ಹೆಣ್ಣಿನ ಕುಪ್ಪಸದ ತೋಳಿಗೆ ಬೇಕಾದ ನವಿಲು, ಬಳ್ಳಿ, ಗೋಪುರ ಏನಿದ್ದರೂ ಲ್ಯಾಪ್‌ಟಾಪಿನಲ್ಲಿ ಬರೆದು, ಪೆನ್‌ಡ್ರೈವಿಗೆ ಹಾಕಿ ಹೊಲಿಗೆ ಯಂತ್ರಕ್ಕೆ ಚುಚ್ಚಿದರೆ ಅದು ದಾರದಲ್ಲಿ ಹೊಲಿಯುತ್ತ ಹೋಗುತ್ತದೆ. ಒಂದು ಡಿಸೈನ್ ಬರೆಯಲು ಅವರಿಗೆ ಒಂದೊಂದು ಸಲ ಎರಡು ದಿನ ಹಿಡಿಯುತ್ತಿತ್ತು. ಆರು ವರ್ಷದ ದುಡಿಮೆ ಆ ಲ್ಯಾಪ್‌ಟಾಪಿನಲ್ಲಿತ್ತು.

ಸೋಮವಾರ ಬಂದವರೇ ಅದನ್ನು ಮೇಜಿನ ಮೇಲೆ ಕುಕ್ಕಿದರು.

“ಅಣ್ಣಾರ, ಇದನ್ನ ಚಾಲೂ ಮಾಡಿ ನಾನು ಅನ್ನಕ್ಕಿಟ್ಟು ಬಂದ್ರ ಅನ್ನ ಮೊದಲು ಆಗತೈತಿ. ಗಂಗಾವತಿ ಮದುವಿದು ಐದು ಕುಪ್ಪಸ ಶುಕ್ರವಾರ ಕೊಡಬೇಕು.”

ನಾನು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹಾರ್ಡ್ ಡಿಸ್ಕಿನಲ್ಲಿ ಒಂದು ತಟ್ಟೆ ತಿರುಗುತ್ತಿರುತ್ತದೆ, ಅದರ ಮೇಲೆ ಸಣ್ಣ ಕಡ್ಡಿಯೊಂದು ಅತ್ತಿತ್ತ ಓಡಾಡಿ ಬೇಕಾದ ಮಾಹಿತಿಯನ್ನು ಹುಡುಕುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಎಲ್ಲ ಚಿಪ್‌ನಲ್ಲೇ. ಕೇಳಿದ ಕೂಡಲೇ ಕೊಡುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಇದಕ್ಕಿಂತ ದೊಡ್ಡ ಔಷಧಿ ಇಲ್ಲ.

ಚೌಕಾಸಿ ಅರ್ಧ ತಾಸು ನಡೆಯಿತು. ಕೊನೆಗೆ, “ಹಳೇ ಡಿಸ್ಕ್ ನನಗ ಬಿಡ್ರಿ, ಐನೂರು ಕಡಿಮಿ ಮಾಡ್ತೀನಿ” ಅಂದೆ. ಆಪಾ ಒಪ್ಪಿದರು.

“ಡಿಸೈನೆಲ್ಲ ಪೆನ್‌ಡ್ರೈವ್‌ನ್ಯಾಗ ಅದಾವಲ್ರಿ?” ಎಂದು ಕೇಳಿದೆ.

“ಹೌದ್ರಿ, ಪೆನ್‌ಡ್ರೈವ್‌ನ್ಯಾಗ ಹಾಕೇ ಮಷಿನ್ನಿಗೆ ಕೊಡೋದು. ಹಳೇದರಾಗಿಂದು ಎಲ್ಲಾ ತಗದ ಬಿಡ್ರಿ.”

ತೆಗೆಯುವುದು ಅಂದರೆ ನಮ್ಮಲ್ಲಿ ಏನೇನೆಲ್ಲ ಆಗುತ್ತದೆ ನೋಡಿ. ಬಾಗಿಲು ತೆಗೆಯುತ್ತೇವೆ, ಫೋಟೋ ತೆಗೆಯುತ್ತೇವೆ, ಬಾವಿಯಿಂದ ಕೊಡ ತೆಗೆಯುತ್ತೇವೆ, ಅಂಗಳದ ಕಸವನ್ನೂ ತೆಗೆಯುತ್ತೇವೆ. ಆಪಾ ಹೇಳಿದ್ದು ಕೊಡ ತೆಗೆಯುವ ಅರ್ಥದಲ್ಲಿ: ಹಳೆಯದರಲ್ಲಿದ್ದದ್ದನ್ನು ಹೊರತೆಗೆದು ಹೊಸದಕ್ಕೆ ತುಂಬಿ ಅಂತ. ನಾನು ಕೇಳಿಸಿಕೊಂಡದ್ದು ಕಸ ತೆಗೆಯುವ ಅರ್ಥದಲ್ಲಿ. ಹಳೆಯ ಡಿಸ್ಕ್ ಖಾಲಿಯಾದರೆ ಮಾರಬಹುದು ಅನ್ನುವ ಲೆಕ್ಕ ತಲೆಯಲ್ಲಿದ್ದವನಿಗೆ ಇನ್ನೊಂದು ಅರ್ಥ ಹೊಳೆಯಲೇ ಇಲ್ಲ. ಹೊಸ ಎಸ್‌ಎಸ್‌ಡಿಗೆ ಹೊಸ ವಿಂಡೋಸ್ ಹಾಕಿದೆ, ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದೆ. ಮಂಗಳವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಆಪಾಗೆ ಒಪ್ಪಿಸಿದೆ. ಮಧ್ಯಾಹ್ನ ತಳಕಲ್ಲಿನ ವಿಡಿಯೋಗ್ರಾಫರ್ ವಿರೂಪಾಕ್ಷಿ ಬಂದಾಗ ಡಿಸ್ಕಿಗೊಂದು ಯುಎಸ್‌ಬಿ ಡಬ್ಬಿ ಹಾಕಿ ಸಾವಿರದ ನೂರಕ್ಕೆ ಮಾರಿದೆ. ಖುಷಿಯಾಗಿದ್ದೆ.

ಬುಧವಾರ ಹತ್ತು ಗಂಟೆಗೆ ಆಪಾರ ಫೋನ್.

“ಅಣ್ಣಾರ, ಲ್ಯಾಪ್‌ಟಾಪ್ ಕುದುರಿ ಆಗೈತಿ, ಭಾಳ ಛಲೋ ಆತು. ನನ್ನ ಡಿಸೈನ್ ಎಲ್ಲಿ ಇಟ್ಟೀರಿ? ಕಾಣವಲ್ವು.”

“ಪೆನ್‌ಡ್ರೈವ್‌ನ್ಯಾಗ ಅದಾವ ಅಂದ್ರೆಲ್ಲ?”

“ಅದರಾಗ ಒಂದೊಂದ ಹಾಕೋದು, ಹೊಲದ ಮ್ಯಾಲ ಅಳಿಸೋದು. ಎಲ್ಲಾ ಹಳೇದರಾಗ ಇದ್ದವಲ್ರಿ. ತಗದ ಬಿಡ್ರಿ ಅಂತ ಹೇಳಿದ್ನೆಲ್ಲ?”

ನಮ್ಮ ವೃತ್ತಿಯಲ್ಲಿ ಇಂಥ ಹೊತ್ತಿಗೆಂದೇ ಒಂದು ಸುಳ್ಳಿದೆ: ‘ಡಿಸ್ಕ್ ಮೊದಲೇ ಹೋಗಿತ್ತು.’ ಅದನ್ನು ಪರೀಕ್ಷಿಸುವ ಗಿರಾಕಿಯೇ ಇಲ್ಲ. ಸುಳ್ಳು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸುಳ್ಳು ಹೇಳಿದರೆ ಡಿಸ್ಕ್ ಹುಡುಕುವ ಕೆಲಸವೂ ಅಲ್ಲಿಗೇ ಮುಗಿಯುತ್ತಿತ್ತು. ಶುಕ್ರವಾರ ಗಂಗಾವತಿಯವರಿಗೆ ಅವರು ಏನು ಹೇಳಬೇಕು? ನಡೆದದ್ದನ್ನು ಹೇಳಿದೆ. ಆಪಾ ಮೆಲ್ಲಗೆ, “ಆರು ವರ್ಷದ್ದು ಅಣ್ಣಾರ” ಅಂದರು, ಅಷ್ಟೇ.

ನನಗೆ ಒಂದು ಆಸೆ ಉಳಿದಿತ್ತು. ನಾನು ಮಾಡಿದ್ದು ಕ್ವಿಕ್ ಫಾರ್ಮ್ಯಾಟ್. ಓಣಿಯ ಮನೆಗಳ ಹೆಸರಿನ ಫಲಕಗಳನ್ನು ಮಾತ್ರ ಕಿತ್ತ ಹಾಗೆ ಅದು. ಮನೆಯೊಳಗಿನವರು ಅಲ್ಲೇ ಇರುತ್ತಾರೆ, ಬೇರೆಯವರು ಬಂದು ಅದೇ ಜಾಗದಲ್ಲಿ ಮನೆ ಕಟ್ಟುವ ತನಕ. ಅಂದರೆ ಡಿಸ್ಕಿನ ಮೇಲೆ ಹೊಸದೇನೂ ಬರೆಯಬಾರದು. ವಿರೂಪಾಕ್ಷಿಗೆ ಫೋನ್ ಮಾಡಿದೆ.

“ಆ ಡಿಸ್ಕಿಗೆ ಏನರ ಹಾಕಿಯೇನೋ?”

“ಈಗ ಹಾಕಾಕ ಹತ್ತೀನ್ರಿ. ಕುಬಸದ್ದು, ಸೀಮಂತದ ವಿಡಿಯೋ.”

“ನಿಲ್ಲಸು! ಮೊದಲ ವೈರ್ ಕೀಳು!”

“ಯಾಕ್ರೀ, ಬಾಂಬ್ ಐತೇನು ಅದರಾಗ?”

ಬೈಕು ಹತ್ತಿ ಮುಕ್ಕಾಲು ತಾಸಿನಲ್ಲಿ ತಳಕಲ್ಲಿಗೆ ಮುಟ್ಟಿದೆ. ಅವನು ವೈರ್ ಕೀಳುವಷ್ಟರಲ್ಲಿ ಮೂವತ್ತೆಂಟು ಜಿಬಿ ವಿಡಿಯೋ ಬರೆದಾಗಿತ್ತು. ಅವನ ಮೂಲ ಪ್ರತಿ ಕ್ಯಾಮೆರಾದ ಕಾರ್ಡಿನಲ್ಲೇ ಇತ್ತು, ಹಾಗಾಗಿ ಅವನಿಗೆ ನಷ್ಟವಿರಲಿಲ್ಲ. ಸಾವಿರದ ನೂರು ವಾಪಸ್ ಕೊಡುತ್ತೇನೆ ಅಂದೆ. ವಿರೂಪಾಕ್ಷಿ ನಕ್ಕ.

“ನೀವ ಹೇಳಿದ್ದಲ್ರಿ ಮಾಲಕ್ರ, ಗಿರಾಕಿಗಿ ಗರಜು ಇದ್ದಾಗ ರೇಟ್ ಇಳಸಬ್ಯಾಡ ಅಂತ?”

ಹೇಳಿದ್ದು ಹೌದು. ಸೀಲು ಒಡೆಯದ ಹೊಸ ಒಂದು ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಕೊಡುವುದಾಗಿ ಒಪ್ಪಿದ ಮೇಲೆಯೇ ಹಳೆಯದು ನನ್ನ ಕೈಗೆ ಬಂತು. ಜೀವನದಲ್ಲಿ ಒಂದು ಮಾತೂ ಜಗ್ಗಾಡದೆ ಒಪ್ಪಿದ ವ್ಯಾಪಾರ ಅದೊಂದೇ.

ಅಂಗಡಿಗೆ ಮರಳಿ, ಡಿಸ್ಕನ್ನು ಓದಲಷ್ಟೇ ಬರುವ ಹಾಗೆ ಜೋಡಿಸಿ, ಅಳಿಸಿದ್ದನ್ನು ಹುಡುಕುವ ರಿಕವರಿ ಸಾಫ್ಟ್‌ವೇರ್ ಓಡಿಸಿದೆ. ಸಿಕ್ಕದ್ದನ್ನು ಅದೇ ಡಿಸ್ಕಿಗೆ ಎಂದೂ ಇಳಿಸಬಾರದು. ಬೇರೆ ಡಿಸ್ಕ್ ಇಟ್ಟಿದ್ದೆ. ಆಪಾ ಬಂದು ಎದುರಿನ ಸ್ಟೂಲಿನಲ್ಲಿ ಕೂತರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಪರದೆಯ ಮೇಲೆ ಏರುತ್ತಿದ್ದ ಶೇಕಡಾವನ್ನೇ ನೋಡುತ್ತ ಕೂತಿದ್ದರು. ನಾಲ್ಕು ತಾಸು.

ಸಂಜೆ ಐದಕ್ಕೆ ಪಟ್ಟಿ ಬಂತು. ಸಾವಿರದ ನಾನೂರಕ್ಕೂ ಹೆಚ್ಚು ಡಿಸೈನ್ ಫೈಲುಗಳು! ಗಂಗಾವತಿ ಮದುವೆಯ ಐದರಲ್ಲಿ ನಾಲ್ಕು ಹೆಸರು ಸಮೇತ ಇದ್ದವು. ಐದನೆಯದು, ಹೆಣ್ಣಿನ ಧಾರೆಯ ಕುಪ್ಪಸದ್ದು, ಇಲ್ಲ.

“ಮುಖ್ಯವಾದದ್ದ ಅದು” ಅಂದರು ಆಪಾ.

ಹೆಸರು ಕಳೆದುಕೊಂಡ ಫೈಲುಗಳು ಅರವತ್ತರಷ್ಟು ಬೇರೆ ಇದ್ದವು, ಬರೀ ನಂಬರಿನವು. ಒಂದೊಂದಾಗಿ ತೆರೆಯತೊಡಗಿದೆವು. ಕೆಲವು ತೆರೆಯಲೇ ಇಲ್ಲ. ಕುಬಸದ ವಿಡಿಯೋ ಅವುಗಳ ಮೇಲೆ ಕೂತಿತ್ತು. ತೆರೆದವನ್ನು ಆಪಾ ನೋಡಿದ ಕೂಡಲೇ ಗುರುತು ಹಿಡಿಯುತ್ತಿದ್ದರು. “ಇದು ಕುಷ್ಟಗಿಯವರದು. ಇದು ಯಲಬುರ್ಗಿ ಟೀಚರಮ್ಮಂದು, ತೋಳು ಬಿಗಿ ಆತು ಅಂತ ಜಗಳ ತಗದಿದ್ರು.” ನಲವತ್ತೊಂದನೆಯ ಫೈಲು ತೆರೆದಾಗ ಪರದೆ ತುಂಬ ಜೋಡಿ ನವಿಲು ಬಿಚ್ಚಿಕೊಂಡವು. ಆಪಾ ಸೆರಗನ್ನು ಬಾಯಿಗೊತ್ತಿಕೊಂಡರು. ನಾನು ಅಂದು ಬೆಳಗಿನಿಂದ ನೀರು ಕುಡಿದಿಲ್ಲ ಅನ್ನುವುದು ಆಗ ನೆನಪಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅವರೇ ನಕ್ಕರು. “ಮೊದಲ ತಗದಬಿಟ್ರಿ, ಈಗ ತಗದ ಕೊಟ್ರಿ. ಕೂಲಿ ಮಾತ್ರ ಒಂದ ಸಲದ್ದ ನೋಡ್ರಿ ಅಣ್ಣಾರ.”

“ಅದನ್ನೂ ವಾಪಸ್ ತಗೋರಿ” ಎಂದೆ. ತೆಗೆದುಕೊಂಡರು. ಒಮ್ಮೆಯೂ ಬೇಡ ಅನ್ನಲಿಲ್ಲ, ಅದೇ ಸರಿ. ಕುಪ್ಪಸಗಳು ಶುಕ್ರವಾರ ಗಂಗಾವತಿ ಬಸ್ಸು ಹತ್ತಿದವು.

ಗಿರಾಕಿಯ ಮಾತನ್ನು ನನ್ನ ಲಾಭಕ್ಕೆ ಸರಿಯಾಗಿ ಕೇಳಿಸಿಕೊಳ್ಳುವ ಚಟ ನನಗಿತ್ತು. ವೃತ್ತಿ ಅದನ್ನು ನನಗೆ ಹೀಗೆ ತೋರಿಸಿಕೊಟ್ಟಿತು. ಈಗ ಯಾವ ಗಿರಾಕಿ ಬಂದರೂ ‘ಅಳಿಸಲೋ, ನಕಲು ಮಾಡಲೋ’ ಎಂದು ಬಿಡಿಸಿ ಕೇಳಿ, ಚೀಟಿಯಲ್ಲಿ ಬರೆಸಿ ಸಹಿ ಹಾಕಿಸುತ್ತೇನೆ.

ನೀವು ಮಾಡಬೇಕಾದದ್ದು ಇಷ್ಟು. ಎಸ್‌ಎಸ್‌ಡಿ ಖಂಡಿತ ಹಾಕಿಸಿ, ಹೊಸ ಲ್ಯಾಪ್‌ಟಾಪಿಗೆ ದುಡ್ಡು ಸುರಿಯುವ ಮೊದಲು. ‘ಕ್ಲೋನ್ ಮಾಡಿ’ ಎಂದು ಕೇಳಿ. ಅಂದರೆ ಹಳೆಯದರಲ್ಲಿದ್ದದ್ದು ಇದ್ದ ಹಾಗೇ ಹೊಸದಕ್ಕೆ ಹೋಗುತ್ತದೆ. ನಿಮ್ಮ ಮುಖ್ಯ ಫೈಲುಗಳಲ್ಲಿ ಹತ್ತನ್ನಾದರೂ ಅಂಗಡಿಯಲ್ಲೇ ತೆರೆದು ನೋಡಿ, ಆಮೇಲೆ ದುಡ್ಡು ಕೊಡಿ. ಎಸ್‌ಎಸ್‌ಡಿ ಬಂದ ಮೇಲೆ ಇನ್ನೊಂದು ಕಡೆ ಪ್ರತಿ ಇಡುವುದು ಇನ್ನೂ ಅಗತ್ಯ. ಅದರಲ್ಲಿ ಅಳಿಸಿದ್ದನ್ನು ಚಿಪ್ ತಾನೇ ಒರೆಸಿಹಾಕುತ್ತದೆ, ನನ್ನಂಥವನು ತಳಕಲ್ಲಿಗೆ ಓಡಿದರೂ ಪ್ರಯೋಜನವಿಲ್ಲ. ಹಳೆಯ ಡಿಸ್ಕನ್ನು ಮನೆಗೆ ಒಯ್ದು ಕನಿಷ್ಠ ಒಂದು ತಿಂಗಳು ಕಪಾಟಿನಲ್ಲಿಡಿ. ಅಂಗಡಿಯವನು ಅದಕ್ಕೆ ಐನೂರು ಕೊಡುತ್ತೇನೆ ಅನ್ನುತ್ತಾನೆ, ನೀವು ಎದ್ದು ನಿಂತರೆ ಏಳುನೂರು ಅನ್ನುತ್ತಾನೆ. ನನ್ನ ಅಂಗಡಿಗೆ ಬಂದರೆ ನಾನೂ ಅನ್ನುತ್ತೇನೆ. ಕೊಡಬೇಡಿ.