ಪರೀಕ್ಷಕರಿಗೆ ಬಡಿಸಿದ ಕೋರಿರೊಟ್ಟಿ

ಮಗಳು ಬಿ.ಎಡ್. ಮಾಡುತ್ತಿದ್ದಾಗ ಪಾಠ ಹೇಳುವ ಪರೀಕ್ಷೆಗೆ ನಮ್ಮೂರು ವರ್ಕಾಡಿಯ ಶಾಲೆಯೇ ಸಿಕ್ಕಿತು. ಆಗ ಆ ಓದು ಒಂದೇ ವರ್ಷದ್ದು. ಹೆಚ್ಚಿನ ದಿನ ಪುಸ್ತಕದಲ್ಲೇ ಕಳೆಯುತ್ತಿತ್ತು, ನಿಜವಾದ ಮಕ್ಕಳ ಮುಂದೆ ನಿಲ್ಲಿಸುವುದು ಕೆಲವೇ ವಾರ. ಕೊನೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು, ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ ಮಾರ್ಕು ಹಾಕಬೇಕು. ಅವರ ಊಟ ಪಾಠ ಮಾಡುವವರ ಮನೆಯಿಂದ ಹೋಗಬೇಕೆಂದು ಯಾರೂ ಹೇಳುವುದಿಲ್ಲ, ಆದರೆ ಎಲ್ಲರ ಮನೆಯಿಂದಲೂ ಹೋಗುತ್ತಿತ್ತು.

ನಾನು ಬೀಡಿ ಕಟ್ಟುವವಳು. ಅಕ್ಷರ ಕೂಡಿಸಿ ಓದುವಷ್ಟೇ ಬರುತ್ತದೆ. ಮಗಳ ವಿಜ್ಞಾನಕ್ಕೆ ನನ್ನಿಂದಾಗುವ ಸಹಾಯ ಅಡಿಗೆ ಮಾತ್ರ. ಆ ದಿನ ಬೀಡಿಯ ಮೊರ ಬದಿಗಿಟ್ಟು ಕೋರಿರೊಟ್ಟಿಗೆಂದು ಕೋಳಿ ಸಾರು ಮಾಡಿದೆ, ಅಕ್ಕಿಯ ಗರಿಗರಿ ರೊಟ್ಟಿ ಕಟ್ಟಿಕೊಂಡೆ, ಜೀಪು ಹತ್ತಿದೆ. "ಊಟ ನನ್ನ ಪಾಠ ಮುಗಿದ ಮೇಲೆ ತಾ ಅಮ್ಮ" ಎಂದು ಅವಳು ಹೇಳಿಯೇ ಹೋಗಿದ್ದಳು. ನನಗೆ ತಡೆಯಲಿಲ್ಲ, ಮೊದಲೇ ಮುಟ್ಟಿದೆ.

"ಎಂತ ಮಾರಾಯ್ತಿ, ಪರಿಮಳ ಗೇಟಿನವರೆಗೆ ಬಂತಲ್ಲ!" ಎಂದರು ಹೆಡ್‌ಮಾಷ್ಟ್ರು.

ಪರೀಕ್ಷಕರು ಗಡಿಯಾರ ನೋಡಿ, "ಒಂದು ಪಾಠ ಬಾಕಿ ಉಂಟು" ಎಂದು ಎದ್ದರು. ಅದು ಮಗಳದೇ. ಎದ್ದವರನ್ನು ಕೂರಿಸಿದವಳು ನಾನು.

"ಸಾರು ಹಾಕಿ ಆಯಿತು ಸಾರ್. ಮೆತ್ತಗಾದರೆ ಮತ್ತೆ ಅದು ರೊಟ್ಟಿಯಾ?"

ಕುಳಿತರು. ಬೇಡ ಬೇಡವೆಂದರೂ ಬಡಿಸಿದೆ. ಪಾಠ ಮುಗಿದ ಗಂಟೆ ಹೊಡೆಯಿತು. ಬಲಗೈ ಸಾರಿನಲ್ಲಿತ್ತು, ಎಡಗೈಯಲ್ಲೇ ಪೆನ್ನು ಹಿಡಿದು ಮಾರ್ಕು ಹಾಕಿದರು. "ಮಗಳಿಗೆ ಒಳ್ಳೆಯ ಮಾರ್ಕು ಉಂಟು, ಹೆದರಬೇಡಿ" ಎಂದರು. ನಾನು ಹಲ್ಲು ಕಿಸಿದು ಕೈಮುಗಿದೆ. ತಲೆ ಎತ್ತಿದರೆ ಬಾಗಿಲಲ್ಲಿ ಮಗಳು, ಕೈತುಂಬ ಪ್ರಯೋಗಕ್ಕೆ ಕಲಸಿದ ಮಣ್ಣು.

ಮನೆ ಮುಟ್ಟಿದ್ದೇ ಅವಳು ಚೀಲ ಮೂಲೆಗೆ ಎಸೆದಳು.

"ನನ್ನ ಪಾಠ ಯಾರೂ ನೋಡಲಿಲ್ಲ. ಮಾರ್ಕು ಸಿಕ್ಕಿದ್ದು ನಿನ್ನ ಕೋಳಿಗೆ."

"ಪಾಸಾದೆಯಲ್ಲ, ಇನ್ನೆಂತ ಬೇಕು ನಿನಗೆ?"

"ನನಗೆ ಕಲಿಸಲಿಕ್ಕೆ ಬರುತ್ತದಾ ಇಲ್ಲವಾ ಅಂತ ಗೊತ್ತಾಗಬೇಕು. ಕೆಲಸ ಸಿಕ್ಕಿದ ಮೇಲೆ ನೋಡಿ ಹೇಳುವವರು ಯಾರು?"

"ಆ ಪಾಠ ನನಗೆ ಹೇಳು, ನಾನು ನೋಡುತ್ತೇನೆ" ಎಂದೆ. ಬೇರೆ ಏನು ಹೇಳಲಿ?

ಬಕೆಟಿನಲ್ಲಿ ನೀರು ತಂದಳು. ಮಣ್ಣಿನ ಉಂಡೆ ಹಾಕಿದಳು, ಮುಳುಗಿತು. ಅದನ್ನೇ ತೆಗೆದು ತಟ್ಟಿ ಬಟ್ಟಲಿನಂತೆ ಮಾಡಿ ಬಿಟ್ಟಳು, ತೇಲಿತು. ನನಗೆ ಖುಷಿಯಾಯಿತು.

"ಯಾಕೆ ತೇಲಿದ್ದು?" ಎಂದು ಕೇಳಿದೆ.

"ಸಾಂದ್ರತೆ ಕಡಿಮೆಯಾಯಿತು."

"ಮಣ್ಣು ಅದೇ ಅಲ್ಲವಾ? ಎಂತ ಕಡಿಮೆಯಾದ್ದು?"

ಅವಳು ಪುಸ್ತಕದ ಮಾತನ್ನೇ ಮತ್ತೊಮ್ಮೆ ಹೇಳಿದಳು. ನಾನು ಇಲ್ಲವೆಂದು ತಲೆ ಆಡಿಸಿದೆ.

"ನನಗೆ ತಿಳಿಯಲಿಲ್ಲ."

"ಕ್ಲಾಸಿನಲ್ಲಿ ಮಕ್ಕಳು ಸುಮ್ಮನಿದ್ದರು," ಎಂದಳು ಮೆಲ್ಲಗೆ. "ಅರ್ಥವಾಯಿತು ಅಂತ ಎಣಿಸಿದೆ."

ಅದನ್ನು ಹೇಗೆ ಬಿಡಿಸಿ ಹೇಳಬೇಕೆಂದು ಅವಳು ನನ್ನ ಮುಖ ನೋಡಿದಳು. ನನಗೆಲ್ಲಿ ಗೊತ್ತು? ಗೊತ್ತಿದ್ದವರನ್ನು ಅವಳ ಕ್ಲಾಸಿಗೆ ಹೋಗದ ಹಾಗೆ ತಟ್ಟೆಯ ಮುಂದೆ ಕೂರಿಸಿದವಳು ನಾನೇ. ಅಲ್ಲಿ ಕೂರಲಾಗಲಿಲ್ಲ. ಬಕೆಟು ಎತ್ತಿಕೊಂಡು, ನೀರು ಚೆಲ್ಲುವ ನೆವದಲ್ಲಿ ಹೊರಗೆ ಹೋದೆ.