ಯಾರ ಪೈಕಿಯೂ ಅಲ್ಲದವನ ಹೊನ್ನಾರು

ಕೆಲವರು ಎಲ್ಲಿ ಕೂತರೂ ಅಲ್ಲಿಯೇ ಹುಟ್ಟಿ ಬೆಳೆದವರ ಹಾಗೆ ಕೂರುತ್ತಾರೆ. ಬೆಕ್ಕಿಗೂ ಈ ವಿದ್ಯೆ ಗೊತ್ತು. ಪರರ ಮನೆಯ ಗೋಣಿಚೀಲದ ಮೇಲೆ ಅದು ಎರಡು ಸುತ್ತು ಸುತ್ತಿ ಮಲಗಿತೆಂದರೆ ಆ ಮನೆಯ ಯಜಮಾನನೇ ಅತಿಥಿಯಂತೆ ಕಾಣತೊಡಗುತ್ತಾನೆ. ನನ್ನ ವಿಷಯ ಹಾಗಲ್ಲ. ನನ್ನ ಮನೆಯ ನನ್ನ ಮಂಚದ ಮೇಲೆ ಕೂತಾಗಲೂ ನಾನು ಮೋಟಾರಿಗೆ ಕಾಯುವವನಂತೆ ಕಾಣುತ್ತೇನಂತೆ. ನನ್ನ ಮದುವೆಯ ಚಪ್ಪರದಲ್ಲೇ ಬೀಗರ ಕಡೆಯ ಹಿರಿಯರೊಬ್ಬರು ಬಂದು, ‘ತಾವು ಯಾರ ಕಡೆಯವರು?’ ಎಂದು ನನ್ನನ್ನು ವಿಚಾರಿಸಿದರೆಂದು ನಾನು ಹೇಳುವುದುಂಟು. ನನ್ನ ಹೆಂಡತಿ ಅದು ಶುದ್ಧ ಸುಳ್ಳು ಎನ್ನುತ್ತಾಳೆ. ನಿಜ ತಿಳಿಯೋಣವೆಂದು ಹಳೆಯ ದಿನಚರಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ ಹೋಳಿಗೆಯ ವಿಷಯ ಮಾತ್ರ ಇದೆ.

ಇದನ್ನು ಮೊದಲೇ ಹೇಳಿಬಿಡುವುದು ಲೇಸು. ನನ್ನ ನೆನಪೂ ನನ್ನ ದಿನಚರಿಯೂ ಒಂದೇ ಮನೆಯ ಸವತಿಯರಿದ್ದಂತೆ. ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಒಪ್ಪುವುದಿಲ್ಲ. ಮುಂದೆ ಬರೆಯುವುದರಲ್ಲಿ ಎರಡೂ ಕೂಡಿ ಒಪ್ಪಿದ ಸಂಗತಿಗಳು ಕಡಿಮೆ. ಓದುಗರು ಉದಾರವಾಗಿರಬೇಕು.

ಮಹಾರಾಜರ ಕಾಲೇಜಿನ ಹೊಸ್ತಿಲು ದಾಟಿ, ತತ್ತ್ವಶಾಸ್ತ್ರದಲ್ಲಿ ಬಿ.ಎ. ಪದವಿ ಹೊತ್ತು ಹೊರಬಂದಾಗ ನನಗೆ ಸೃಷ್ಟಿಯ ಮೂಲೋದ್ದೇಶವೇನೆಂಬುದು ಬಹುಮಟ್ಟಿಗೆ ತಿಳಿದಿತ್ತು. ತಿಳಿಯದೆ ಇದ್ದುದು ಕೆಲಸ ಎಲ್ಲಿ ಸಿಗುತ್ತದೆಂಬುದು. ಎರಡು ವರ್ಷ ಅಲೆದಮೇಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಮೇಷ್ಟರಾಗಿ ನೇಮಕವಾಯಿತು. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಮೋಟಾರಿನಿಂದಿಳಿದು, ಟ್ರಂಕನ್ನು ಗಾಡಿಗೆ ಹೇರಿ, ಎರಡು ಹರದಾರಿ ನಡೆದರೆ ಆ ಊರು. ಹೆಸರು ಹೇಳುವುದಿಲ್ಲ, ಅಲ್ಲಿಯವರಿಗೆ ಇನ್ನೂ ನೆನಪಿದೆ. ಊರ ಹೊರಗೆ, ದಿಣ್ಣೆಯ ಮಗ್ಗುಲಲ್ಲಿದ್ದ ನಿಂಗಮ್ಮ ಎಂಬ ವಿಧವೆಯ ಮನೆಯ ಒಂದು ಅಂಕಣದಲ್ಲಿ ನನ್ನ ಬಿಡಾರ.

ಬಂದ ಮೂರನೆಯ ದಿನವೇ ನಾನು ಘನವಾದ ತಪ್ಪೊಂದನ್ನು ಮಾಡಿದೆ. ಬೆಳಿಗ್ಗೆ ಪಟೇಲರ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದೆ; ಸಂಜೆ ಚಿಕ್ಕೇಗೌಡರ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿದೆ. ಊರು ಎರಡು ಪಾರ್ಟಿಯಾಗಿ ಒಡೆದು ಹತ್ತು ವರ್ಷವಾಗಿತ್ತೆಂಬುದೂ, ಆ ಎರಡು ಜಗಲಿಗಳ ನಡುವೆ ನಾಯಿ ಕೂಡ ಯೋಚಿಸಿ ಓಡಾಡುತ್ತಿತ್ತೆಂಬುದೂ ನನಗೆ ಹೇಗೆ ಗೊತ್ತಾಗಬೇಕು? ಜಗಳದ ಕಾರಣ ಕೇಳಿದರೆ ಒಬ್ಬರು ಹಲಸಿನ ಮರ ಎಂದರು, ಇನ್ನೊಬ್ಬರು ಯಾವುದೋ ಮದುವೆಯಲ್ಲಿ ಪಾಯಸ ತಡವಾಗಿ ಬಡಿಸಿದ್ದು ಎಂದರು. ಅಂತೂ ನಾನು ಗೂಢಚಾರನೆಂದು ಎರಡು ಪಾರ್ಟಿಯವರೂ ಒಮ್ಮತದಿಂದ ತೀರ್ಮಾನಿಸಿದರು. ಹತ್ತು ವರ್ಷದಲ್ಲಿ ಅವರು ಒಪ್ಪಿದ ಮೊದಲನೆಯ ಸಂಗತಿ ಅದೇ ಇರಬೇಕು.

ಅಲ್ಲಿಂದ ಮುಂದೆ ನನ್ನ ಸ್ಥಾನ ಶಾಲೆಯ ಮೆಟ್ಟಿಲು. ಮಕ್ಕಳು ಹೋದಮೇಲೆ ಅಲ್ಲಿ ಕೂತು, ದನ ಮನೆಗೆ ಹೋಗುವುದನ್ನು ನೋಡುತ್ತಿದ್ದೆ. ದನಗಳಿಗೆ ತಮ್ಮ ತಮ್ಮ ಮನೆ ಗೊತ್ತಿತ್ತು. ‘ಪ್ರತಿಯೊಂದು ಜೀವಕ್ಕೂ ದೈವದತ್ತವಾದ ಒಂದು ಉದ್ದೇಶವಿದೆ’ ಎಂಬ ವಿಷಯದ ಮೇಲೆ ನಾನು ಕಾಲೇಜಿನಲ್ಲಿ ಹದಿನಾರು ಪುಟ ಬರೆದು ಪ್ರೊಫೆಸರರಿಂದ ಭೇಷ್ ಎನ್ನಿಸಿಕೊಂಡಿದ್ದೆ. ಈಗ ದಿನಚರಿಯಲ್ಲಿ ದಿನಕ್ಕೊಂದು ಸಾಲು: ‘ನಾನು ಇಲ್ಲಿ ಏಕೆ?’ ಪುಟ ತಿರುಗಿಸಿದರೆ ಮರುದಿನವೂ ಅದೇ ಸಾಲು. ಒಂದು ದಿನ ಮಾತ್ರ ‘ಮೇಲಿನಂತೆ’ ಎಂದು ಬರೆದಿದ್ದೇನೆ. ವರ್ಗಾವಣೆಯ ಅರ್ಜಿಯನ್ನೂ ಬರೆದಿಟ್ಟಿದ್ದೆ. ಆದರೆ ಯಾವ ಊರಿಗೆ ವರ್ಗ ಮಾಡಬೇಕೆಂಬ ಜಾಗ ಖಾಲಿಯಿತ್ತು. ಎಲ್ಲಿಗೆಂದು ಕೇಳಲಿ?

ನಿಂಗಮ್ಮನೊಡನೆ ಒಮ್ಮೆ ಈ ಸಂಕಟ ತೋಡಿಕೊಂಡೆ. ಆಕೆ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ಅಯ್ಯೋ ಬುಡಿ ಮೇಷ್ಟ್ರೆ. ನಮ್ಮ ಬೇಲೀಲಿ ಕಳ್ಳಿ ಐತಲ್ಲ, ಅದ್ಕೂ ದೇವ್ರು ಏನೋ ಒಂದು ಕೆಲ್ಸ ಮಡಗವ್ನೆ. ನಿಮ್ಗೂ ಮಡಗಿರ್ತಾನೆ.”

ಕಳ್ಳಿಯೊಡನೆ ಹೋಲಿಸಿಕೊಳ್ಳಲು ನನ್ನ ಪದವಿ ಒಪ್ಪಲಿಲ್ಲ. ಆದರೂ ಹದಿನಾರು ಪುಟದ ಸಾರ ಅಷ್ಟೇ ಆಗಿತ್ತೆಂಬುದನ್ನು ಒಪ್ಪಬೇಕಾಯಿತು.

ಹೀಗಿರುವಾಗ ಯುಗಾದಿ ಬಂತು. ಆ ಸೀಮೆಯಲ್ಲಿ ಯುಗಾದಿಗೆ ಹೊನ್ನಾರು ಕಟ್ಟುವ ಪದ್ಧತಿಯಿದೆ. ವರ್ಷದ ಮೊದಲ ಉಳುಮೆ ಅದು. ಊರ ಐನೋರು ಪಂಚಾಂಗ ನೋಡಿ, ಈ ವರ್ಷ ಯಾವ ನಕ್ಷತ್ರದ ಹೆಸರಿನವನು ನೇಗಿಲು ಹಿಡಿಯಬೇಕು, ಎತ್ತು ಯಾವ ಬಣ್ಣದ್ದಿರಬೇಕು ಎಂದು ಹೇಳುತ್ತಾರೆ. ಅಂಥವನು ಸ್ನಾನ ಮಾಡಿ, ಮಡಿಯುಟ್ಟು, ಸಿಂಗರಿಸಿದ ಎತ್ತು ಹೂಡಿ, ದೇವರ ಹೊಲದಲ್ಲಿ ಮೂರು ಸುತ್ತು ಉಳುತ್ತಾನೆ. ಅದಾಗುವವರೆಗೆ ಊರಿನಲ್ಲಿ ಇನ್ನಾರೂ ಆರು ಕಟ್ಟುವಂತಿಲ್ಲ, ಎಂದರೆ ನೇಗಿಲು ಹೂಡುವಂತಿಲ್ಲ. ಮುರಿದರೆ ಮಳೆ ಮುನಿಯುತ್ತದೆಂಬ ನಂಬಿಕೆ.

ಹಿಂದಿನ ವರ್ಷಗಳಲ್ಲಿ ಅದು ಹೇಗೋ ಸಾಗಿತ್ತು. ಆ ವರ್ಷ ಪಂಚಾಂಗಕ್ಕೆ ಏನು ತೋಚಿತೋ, ಅದು ಹೇಳಿದ ನಕ್ಷತ್ರದವರು ಊರಿಗೆಲ್ಲ ಇಬ್ಬರೇ ಸಿಕ್ಕಿದರು. ಒಬ್ಬ ಪಟೇಲರ ತಮ್ಮ, ಇನ್ನೊಬ್ಬ ಚಿಕ್ಕೇಗೌಡರ ಅಳಿಯ. ಪಟೇಲರ ತಮ್ಮ ಹಿಡಿದ ನೇಗಿಲಿನ ಹಿಂದೆ ನಾವು ಬರುವುದಿಲ್ಲ ಎಂದರು ಚಿಕ್ಕೇಗೌಡರ ಕಡೆಯವರು. ಬೇರೆ ಊರಿನಿಂದ ಬಂದ ಅಳಿಯ ನಮ್ಮ ದೇವರ ಹೊಲ ಮುಟ್ಟುವುದೇ ಎಂದರು ಪಟೇಲರ ಕಡೆಯವರು. ಹಬ್ಬದ ದಿನ ಸಿಂಗಾರಗೊಂಡ ಎತ್ತುಗಳು ಸಂಜೆಯವರೆಗೆ ನಿಂತು, ಕೊರಳಿನ ಹೂವನ್ನು ತಾವೇ ತಿಂದು ಮನೆಗೆ ಹೋದವು. ಹೊನ್ನಾರು ನಿಂತುಹೋಯಿತು.

ಹದಿನೈದು ದಿನ ಕಳೆದು ಒಂದು ಮಧ್ಯಾಹ್ನ ಹದವಾದ ಮಳೆ ಸುರಿಯಿತು. ಊರಿಗೆ ಊರೇ ಹೊರಗೆ ಬಂದು ನೆಲ ನೋಡಿತು. ನೇಗಿಲು ಮಾತ್ರ ಯಾರ ಕೊಟ್ಟಿಗೆಯಿಂದಲೂ ಹೊರಬರಲಿಲ್ಲ. ಕೆಳಗಿನ ಎರೆ ಹೊಲದವರಿಗೆ ಅವಸರವಿರಲಿಲ್ಲ, ವಾರದವರೆಗೆ ತೇವ ಹಿಡಿಯುತ್ತದೆ. ನಿಂಗಮ್ಮನದು ದಿಣ್ಣೆಯ ಮೇಲಿನ ಕಲ್ಲುಮಿಶ್ರಿತ ತುಂಡು. ಮೂರು ದಿನಕ್ಕೆ ಒಣಗಿಹೋಗುತ್ತದೆ. ಆ ಮಳೆಗೆ ಎಳ್ಳು ಬಿದ್ದರೆ ಉಂಟು, ಇಲ್ಲದಿದ್ದರೆ ಆಕೆಗೆ ಆ ಬೆಳೆ ಇಲ್ಲ; ಬೇರೆ ಹೊಲವೂ ಇಲ್ಲ. ಮೊದಲ ದಿನ ಆಕೆ ಬಿತ್ತನೆ ಎಳ್ಳನ್ನು ಬಟ್ಟೆಯಲ್ಲಿ ಕಟ್ಟಿ ಸಿದ್ಧಮಾಡಿದಳು. ಎರಡನೆಯ ದಿನ ಹೊಲಕ್ಕೆ ಹೋಗಿ ಮಣ್ಣು ಕೆದಕಿ ನೋಡಿ ಬಂದಳು. ಮೂರನೆಯ ಬೆಳಿಗ್ಗೆ, ಎರಡು ಪಾರ್ಟಿಯ ಹಿರಿಯರೂ ಬೇರೆ ಬೇರೆ ಮೂಲೆ ಹಿಡಿದು ಕೂತಿದ್ದ ಚಾವಡಿಗೆ ನೇರವಾಗಿ ಹೋದಳು. ಶಾಲೆ ಚಾವಡಿಯ ಎದುರಿಗೇ ಇದ್ದುದರಿಂದ ಮೆಟ್ಟಿಲಿನ ಮೇಲೆ ಕೂತ ನನಗೆ ಎಲ್ಲವೂ ಕೇಳಿಸಿತು.

“ಪಟೇಲಪ್ಪ, ಗೌಡಪ್ಪ, ನಿಮ್ಮ ನಿಮ್ಮ ಮೀಸೆ ನೀವು ತಿರುವ್ಕಳಿ. ನನ್ನ ದಿಣ್ಣೆ ಯಾವ ಪಾರ್ಟಿ ಅಂತ ಮಳೆ ಕೇಳ್ಕಂಡು ಬಂತಾ? ಇವತ್ತು ಆರು ಕಟ್ದಿದ್ರೆ ನಾನು ಏನು ತಿನ್ಲಿ, ನಿಮ್ಮ ಜಗಳ ತಿನ್ಲಾ?”

“ಅಂಗಂದ್ರೆ ಯಾರ ಕೈಲಮ್ಮ ಹಿಡಿಸ್ಲಿ?” ಎಂದರು ಪಟೇಲರು. “ಊರ್ನಾಗೆ ಯಾರ್ನ ಮುಟ್ಟುದ್ರೂ ಒಬ್ಬನಲ್ಲ ಒಬ್ಬನ ಪೈಕಿ.”

ನಿಂಗಮ್ಮ ತಿರುಗಿ ನೋಡಿದಳು. ಆಕೆಯ ಬೆರಳು ನನ್ನತ್ತ ಚಾಚಿತು.

“ಅಗೋ, ಅಲ್ಲಿ ಕುಂತವ್ರಲ್ಲ. ಯಾರ ಪೈಕೀನೂ ಅಲ್ಲ, ಯಾತಕ್ಕೂ ಇಲ್ಲ. ಆವಯ್ಯನ ಕೈಲಿ ಹಿಡಿಸಿ.”

ನನ್ನ ಜೀವಮಾನದಲ್ಲಿ ನನ್ನನ್ನು ಅಷ್ಟು ಸಂಕ್ಷೇಪವಾಗಿ ಯಾರೂ ವರ್ಣಿಸಿಲ್ಲ. ಚಾವಡಿಯಲ್ಲಿ ನಗೆ ಎದ್ದಿತು. ಆಮೇಲೆ ನಿಧಾನವಾಗಿ ಇಳಿಯಿತು. ಯಾರಿಗೂ ಆಕ್ಷೇಪ ಹೊಳೆಯಲಿಲ್ಲ. ಐನೋರು ನನ್ನ ಹೆಸರು ಕೇಳಿ, ಪಂಚಾಂಗ ಬಿಚ್ಚಿ, ಒಂದಿಷ್ಟು ತುಟಿಯಾಡಿಸಿ, ‘ಕೂಡುತ್ತೆ’ ಎಂದರು. ಅವರು ಪುಟವನ್ನು ಕೂಲಂಕಷವಾಗಿ ಪರಿಶೀಲಿಸಿದರೆಂದು ನನ್ನ ದಿನಚರಿ ಹೇಳುತ್ತದೆ. ಪಂಚಾಂಗ ತಲೆಕೆಳಗಾಗಿತ್ತೆಂದು ನನ್ನ ನೆನಪು ಹೇಳುತ್ತದೆ.

ನಮ್ಮ ವಂಶದಲ್ಲಿ ತಿಳಿದ ಮಟ್ಟಿಗೆ ಲೇಖನಿಗಿಂತ ಭಾರವಾದದ್ದನ್ನು ಹಿಡಿದವರಿಲ್ಲ. ‘ನನಗೆ ಉಳಲು ಬರುವುದಿಲ್ಲ’ ಎಂದೆ. ‘ಬರೋದು ಬ್ಯಾಡ’ ಎಂದಳು ನಿಂಗಮ್ಮ. ತಣ್ಣೀರು ಸುರಿದರು, ಒದ್ದೆ ಪಂಚೆ ಉಡಿಸಿದರು, ಹಣೆಗೆ ವಿಭೂತಿಯೋ ಕುಂಕುಮವೋ ಎಂದು ಸ್ವಲ್ಪ ಚರ್ಚೆಯಾಗಿ ಎರಡನ್ನೂ ಹಚ್ಚಿದರು. ಎತ್ತಿನ ವಿಷಯದಲ್ಲಿಯೂ ಪಕ್ಷಪಾತವಾಗಬಾರದೆಂದು ಎಡಕ್ಕೆ ಪಟೇಲರ ಬಿಳಿಯೆತ್ತು, ಬಲಕ್ಕೆ ಚಿಕ್ಕೇಗೌಡರ ಬಿಳಿಯೆತ್ತು. ಹುಟ್ಟಿದ ಮೇಲೆ ಒಂದೇ ನೊಗದ ಕೆಳಗೆ ನಿಲ್ಲದ ಆ ಎರಡಕ್ಕೂ ಪಾರ್ಟಿಯ ಸಂಸ್ಕಾರ ಚೆನ್ನಾಗಿತ್ತು. ಒಂದು ಪೂರ್ವಕ್ಕೆ ಎಳೆದರೆ ಇನ್ನೊಂದು ಕೂಡಲೇ ಪಶ್ಚಿಮದ ಮಹತ್ತ್ವವನ್ನು ಕಂಡುಕೊಳ್ಳುತ್ತಿತ್ತು.

ನಾನು ನೇಗಿಲ ಹಿಡಿಯನ್ನು ಎರಡು ಕೈಯಿಂದಲೂ ತಬ್ಬಿಕೊಂಡೆ. ಎತ್ತುಗಳು ಹೊರಟವು. ನಾನೂ ಹೊರಟೆ, ಹೊರಡದೆ ಬೇರೆ ದಾರಿಯಿರಲಿಲ್ಲ. ಮೊದಲನೆಯ ಸುತ್ತಿನಲ್ಲಿ ನೇಗಿಲು ನೆಲಕ್ಕೆ ತಾಕಲೇ ಇಲ್ಲ. ಎರಡನೆಯದರಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂದರೆ ಎತ್ತುಗಳು ನಿಂತು ಹಿಂದಿರುಗಿ ನನ್ನ ಮುಖ ನೋಡಿದವು. ಹೊಲದ ಈ ಬದಿಯಿಂದ ಒಂದು ಪಾರ್ಟಿ ‘ಒತ್ತಿ ಹಿಡೀರಿ’ ಎಂದು ಕೂಗಿದರೆ ಆ ಬದಿಯಿಂದ ಇನ್ನೊಂದು ‘ಎತ್ತಿ ಹಿಡೀರಿ’ ಎಂದು ಕೂಗುತ್ತಿತ್ತು. ಎರಡು ಮತಗಳನ್ನೂ ಸಮನ್ವಯಗೊಳಿಸುವುದು ತತ್ತ್ವಶಾಸ್ತ್ರದವನ ಧರ್ಮವಾದ್ದರಿಂದ ಒತ್ತುತ್ತ ಎತ್ತುತ್ತ ಹೋಗಿ, ಮೂರನೆಯ ಸುತ್ತಿನ ತಿರುವಿನಲ್ಲಿ ಕಾಲು ಜಾರಿ, ಹಿಡಿಯನ್ನು ಬಿಡದೆ, ಹೊಟ್ಟೆಯ ಮೇಲೆ ನಾಲ್ಕು ಮಾರು ದೂರ ಪ್ರಯಾಣ ಮಾಡಿದೆ. ಆ ಸುತ್ತಿನಲ್ಲಿ ಸಾಲು ಎರಡು ಬಿತ್ತು: ಒಂದು ನೇಗಿಲಿನದು, ಇನ್ನೊಂದು ನನ್ನದು.

ಆಗ ಕೇಳಿಸಿದ ಮಾತನ್ನು ನೆನಪೂ ದಿನಚರಿಯೂ ಅಕ್ಷರಶಃ ಒಂದೇ ರೀತಿಯಾಗಿ ದಾಖಲಿಸಿವೆ. ಪಟೇಲರು ನಗು ತಡೆಯಲಾರದೆ, ಪಕ್ಕದಲ್ಲಿ ಯಾರು ನಿಂತಿದ್ದಾರೆಂದೂ ನೋಡದೆ ಹೇಳಿದರು:

“ನೋಡ್ಲಾ ಚಿಕ್ಕ, ನಿನ್ನೆತ್ತು ಮೇಷ್ಟ್ರುನ್ನೇ ಕುಂಟೆ ಮಾಡ್ಕಂಡು ಓಯ್ತಾ ಐತೆ!”

“ನನ್ನೆತ್ತಲ್ಲ ಕಣಣ್ಣ, ನಿನ್ನೆತ್ತು ಕಣ ಎಳೀತಿರೋದು” ಎಂದರು ಚಿಕ್ಕೇಗೌಡರು.

ಹತ್ತು ವರ್ಷದಲ್ಲಿ ಅವರು ಆಡಿದ ಮೊದಲ ಮಾತು ಅದು. ಆಡಿಬಿಟ್ಟೆವೆಂದು ಇಬ್ಬರಿಗೂ ಒಟ್ಟಿಗೇ ಹೊಳೆದು ಇಬ್ಬರೂ ಆಕಾಶ ನೋಡಿದರು. ಮಾರನೆಯ ದಿನ ಮತ್ತೆ ಮಾತು ನಿಂತಿತೆನ್ನಿ. ಹಲಸಿನ ಮರವೋ ಪಾಯಸವೋ ಅಷ್ಟು ಸುಲಭದಲ್ಲಿ ಸೋಲುವುದಿಲ್ಲ. ಆದರೆ ಹೊನ್ನಾರು ಆಗಿಹೋಗಿತ್ತು. ನಾನು ಬಾಯಿಯ ಮಣ್ಣು ಉಗುಳುವುದರೊಳಗೆ ಊರಿನ ನೇಗಿಲೆಲ್ಲ ಹೊರಬಿದ್ದವು. ಆ ವರ್ಷದ ಮೊದಲ ಉಪಕಾರ ತಮ್ಮದೇ ಆಗಲೆಂದು ಎರಡು ಪಾರ್ಟಿಯವರೂ ನಿಂಗಮ್ಮನ ದಿಣ್ಣೆಗೆ ನುಗ್ಗಿ, ಎರಡು ಕಡೆಯಿಂದಲೂ ಉತ್ತು ನಡುವೆ ಸೇರಿದರು. ಹೊತ್ತು ನೆತ್ತಿಗೆ ಬರುವ ಮುನ್ನ ಎಳ್ಳು ಮಣ್ಣಿನೊಳಗಿತ್ತು.

ಆ ಸಂಜೆ ನಿಂಗಮ್ಮ ನನ್ನ ಮೊಣಕೈಗೆ ಬಿಸಿ ಎಣ್ಣೆ ಹಚ್ಚುತ್ತಿದ್ದಾಗ ನನಗೆ ಹದಿನಾರು ಪುಟದಲ್ಲಿ ಎಲ್ಲೂ ಬರೆಯದಿದ್ದ ಒಂದು ವಿಚಾರ ಹೊಳೆಯಿತು. ದೇವರು ಯಾರಿಗಾದರೂ ಕೆಲಸ ಕೊಡುವಾಗ ಅವರ ಸಾಮರ್ಥ್ಯ ನೋಡಿ ಕೊಡುತ್ತಾನೆಂದು ನಾನು ತಿಳಿದಿದ್ದೆ. ಆತನಿಗೆ ಅಂದು ಬೇಕಾಗಿದ್ದುದು ನನ್ನ ವಿದ್ಯೆಯಲ್ಲ, ಸದ್ಗುಣವಂತೂ ಅಲ್ಲವೇ ಅಲ್ಲ. ಎಲ್ಲಿಯೂ ಸೇರದೆ ಮೆಟ್ಟಿಲಿನ ಮೇಲೆ ಉಳಿದುಹೋಗಿದ್ದ ನನ್ನ ಆ ಒಂದು ಕೊರತೆ. ಸ್ವಲ್ಪ ಜಾಣತನದಿಂದ ಯಾವುದಾದರೂ ಒಂದೇ ಜಗಲಿ ಹಿಡಿದು ಕೂತಿದ್ದರೆ ನಿಂಗಮ್ಮನ ಹೊಲ ಒಣಗುತ್ತಿತ್ತು. ಚೆನ್ನಾಗಿ ಉಳಲು ಬರುತ್ತಿದ್ದರೆ ಯಾರೂ ನಗುತ್ತಿರಲಿಲ್ಲ. ಇದು ದೈವಸಂಕಲ್ಪವೇ ಎಂದು ಪ್ರಮಾಣ ಮಾಡಲಾರೆ. ಹಾಗಲ್ಲವೆಂದು ವಾದಿಸುವ ಧೈರ್ಯವೂ ಇಲ್ಲ.

ಆಮೇಲೆ ನನಗೆ ಬಿಡುವೇ ಇಲ್ಲದಾಯಿತು. ಎರಡು ಹೊಲದ ನಡುವೆ ಗಡಿ ಅಳೆಯುವ ಹಗ್ಗ ಹಿಡಿಯಲು ಮೇಷ್ಟ್ರು, ಆ ಪ್ರಸಿದ್ಧವಾದ ಮರದ ಹಲಸಿನ ಹಣ್ಣನ್ನು ಎರಡು ಪಾಲು ಮಾಡಲು ಮೇಷ್ಟ್ರು, ಬಾವಿಯ ಸರದಿಗೆ ಮೇಷ್ಟ್ರು. ದಿನಚರಿಯಲ್ಲಿ ‘ನಾನು ಇಲ್ಲಿ ಏಕೆ?’ ಎಂಬ ಸಾಲು ಯಾವಾಗ ನಿಂತಿತೆಂದು ಹುಡುಕಿದೆ, ಸಿಕ್ಕಲಿಲ್ಲ. ಅಲ್ಲಿಂದ ಎರಡು ತಿಂಗಳು ದಿನಚರಿಯೇ ಖಾಲಿ.

ಮುಂದಿನ ಯುಗಾದಿಗೆ ಮತ್ತೆ ಅದೇ ಕಗ್ಗಂಟು ಬಂತು. ನಾನು ಯಾರೂ ಹೇಳದೆಯೇ ತಣ್ಣೀರು ಸ್ನಾನ ಮಾಡಿ, ಪಂಚೆ ಬಿಗಿದು ಚಾವಡಿಗೆ ಹೋಗಿ ನಿಂತೆ. ಜನ ಮುಖ ಮುಖ ನೋಡಿಕೊಂಡರು. ನಿಂಗಮ್ಮನೇ ಕಡೆಗೆ ಹೇಳಿದಳು:

“ಬ್ಯಾಡಿ ಮೇಷ್ಟ್ರೆ. ನೀವು ಈಗ ನಮ್ಮೋರು ಆಗೋದ್ರಿ. ನಡೆಯಾಕಿಲ್ಲ.”

ಹಿಂದಿನ ವಾರ ಹುಣಸೂರಿನಿಂದ ಬಂದಿದ್ದ, ಸಿಡುಬು ಬಾರದಂತೆ ಮಕ್ಕಳಿಗೆ ದೇವಿ ಹಾಕುವ ಇನ್ಸ್‌ಪೆಕ್ಟರೊಬ್ಬರು ಚಾವಡಿಯ ಕಂಬಕ್ಕೆ ಒರಗಿ, ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ನಿಂತಿದ್ದರು. ಊರೆಲ್ಲ ಅವರತ್ತ ತಿರುಗಿತು. ಅರ್ಧ ಗಂಟೆಯಲ್ಲಿ ಆ ಬಡಪಾಯಿ ಒದ್ದೆ ಪಂಚೆಯಲ್ಲಿ ನೇಗಿಲು ತಬ್ಬಿಕೊಂಡು ದೇವರ ಹೊಲದಲ್ಲಿ ತೂರಾಡುತ್ತಿದ್ದರು. ಅವರು ಹಿಡಿದದ್ದು ತಪ್ಪು, ತಿರುಗಿಸಿದ್ದು ತಪ್ಪು. ನನಗೆ ನೋಡಲಾಗಲಿಲ್ಲ. ಬದುವಿನ ಮೇಲೆ ಹತ್ತಿ, ಗಂಟಲು ಹರಿಯುವ ಹಾಗೆ ಕೂಗಿದೆ: “ಎತ್ತಿ ಹಿಡೀರಿ ಸ್ವಾಮಿ, ಎತ್ತಿ!”

ಎದುರು ಬದುವಿನಿಂದ ಪಟೇಲರು ಸಿಟ್ಟಿನಿಂದ ‘ಒತ್ತಿ’ ಎಂದು ಕೂಗಿದಾಗಲೇ ನಾನು ಚಿಕ್ಕೇಗೌಡರ ಕಡೆ ನಿಂತಿದ್ದೇನೆಂದು ನನಗೆ ಗೊತ್ತಾದದ್ದು. ಹಾಗೆಂದು ಸುಮ್ಮನಾಗಲಿಲ್ಲ. ಇನ್ನೂ ಗಟ್ಟಿಯಾಗಿ ಕೂಗಿದೆ.